ಮನೆಯ ಸ್ಟೋರೇಜ್ ಪೆಟ್ಟಿಗೆಯಲ್ಲಿ ಡಿಸ್ಕ್ ಕೆಟ್ಟರೆ: ಎಳೆಯುವ ಮುನ್ನ ಒಂದು ನಿಮಿಷ

ನಾರಾಯಣಪೇಟೆ: ಮದುವೆ ಫೋಟೊಗಳು ಬೀರುವಿನ ಆಲ್ಬಮ್‌ನಲ್ಲಿ ಇರುತ್ತಿದ್ದ ಕಾಲ ಹೋಯಿತು. ಈಗ ಸ್ಟುಡಿಯೊದವರು ಪೆನ್‌ಡ್ರೈವ್ ಕೈಗಿಡುತ್ತಾರೆ. ಮಗ ಹೈದರಾಬಾದಿನಲ್ಲೋ ಬೆಂಗಳೂರಿನಲ್ಲೋ ಕೆಲಸದಲ್ಲಿದ್ದರೆ ಹಬ್ಬಕ್ಕೆ ಬಂದಾಗ ಒಂದು ಕಪ್ಪು ಪೆಟ್ಟಿಗೆ ತಂದು ರೂಟರ್ ಪಕ್ಕದಲ್ಲಿ ಇಟ್ಟು ಹೋಗುತ್ತಾನೆ. "ಅಪ್ಪಾ, ಎಲ್ಲಾ ಇದ್ರಾಗ ಹಾಕ್ರಿ, ಎರಡು ಕಡೆ ಸೇವ್ ಆಗ್ತದ, ಚಿಂತಿ ಬ್ಯಾಡ" ಅನ್ನುತ್ತಾನೆ. ಅಪ್ಪ ಹಾಕುತ್ತಾರೆ. ಮದುವೆ ವಿಡಿಯೊ, ಹೊಲದ ಕಾಗದ, ಮಕ್ಕಳ ಟಿಸಿ, ಅಜ್ಜನ ಕಾಲದ ಉರ್ದು ದಸ್ತಾವೇಜಿನ ಸ್ಕ್ಯಾನ್, ಮಗ್ಗದ ಮನೆಯಾದರೆ ಸೀರೆ ಅಂಚಿನ ಡಿಸೈನುಗಳು, ಎಲ್ಲವೂ ಅದರೊಳಗೆ ಸೇರುತ್ತವೆ.

ಮೂರ್ನಾಲ್ಕು ವರ್ಷ ಅದು ಸುಮ್ಮನೆ ಕೆಲಸ ಮಾಡುತ್ತದೆ. ಆಮೇಲೆ ಒಂದು ದಿನ ಬೀಪ್ ಬೀಪ್ ಎಂದು ಕೂಗಲು ಶುರು ಮಾಡುತ್ತದೆ. ಹಸಿರು ದೀಪ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ.

ಈ ಪೆಟ್ಟಿಗೆಗೆ ನ್ಯಾಸ್ ಎಂದು ಹೆಸರು. ನೆಟ್‌ವರ್ಕಿಗೆ ಜೋಡಿಸಿದ ಸ್ಟೋರೇಜ್ ಎಂಬುದರ ಗಿಡ್ಡ ರೂಪ ಅದು. ಸಿನಾಲಜಿ, ಕ್ಯೂನ್ಯಾಪ್ ಮುಂತಾದ ಕಂಪನಿಗಳ ಎರಡು ಅಥವಾ ನಾಲ್ಕು ಡಿಸ್ಕ್ ಹಿಡಿಯುವ ಪೆಟ್ಟಿಗೆಗಳು ಮನೆಗಳಲ್ಲಿ, ಫೋಟೊ ಸ್ಟುಡಿಯೊಗಳಲ್ಲಿ ಹೆಚ್ಚು ಕಾಣುತ್ತವೆ. ಒಳಗಿರುವ ಹಾರ್ಡ್‌ಡಿಸ್ಕ್ ಇವತ್ತಲ್ಲ ನಾಳೆ ಕೆಡುವುದೇ. ಮಿನಿಟಿಗೆ 5,400 ಅಥವಾ 7,200 ಸುತ್ತು ತಿರುಗುತ್ತಾ ವರ್ಷಗಟ್ಟಲೆ ನಿಲ್ಲದ ಯಂತ್ರ ಅದು. ಅದು ಕೆಡುತ್ತದೆ ಎಂದು ಗೊತ್ತಿದ್ದೇ ಎರಡು ಡಿಸ್ಕ್ ಹಾಕಿರುತ್ತಾರೆ. ಹಾಗಾದರೆ ಭಯವೇಕೆ? ಭಯ ಇರುವುದು ಡಿಸ್ಕ್ ಕೆಡುವುದರಲ್ಲಿ ಅಷ್ಟಾಗಿ ಅಲ್ಲ, ಅದನ್ನು ಬದಲಿಸುವ ನಮ್ಮ ಅವಸರದಲ್ಲಿ.

ನಮ್ಮದೇ ಕಥೆ ಹೇಳುತ್ತೇನೆ. ಎರಡು ಡಿಸ್ಕಿನ ಪೆಟ್ಟಿಗೆ, ಒಂದೊಂದೂ 4 ಟಿಬಿ. ಬೇಸಿಗೆಯಲ್ಲಿ ಒಂದು ಸಂಜೆ ಕೂಗಿತು. ಪರದೆಯಲ್ಲಿ ನೋಡಿದರೆ ಎರಡನೇ ಡಿಸ್ಕ್ ಸರಿಯಿಲ್ಲ ಎಂದಿತ್ತು. ಎಡಗಡೆಯದು ಒಂದು, ಬಲಗಡೆಯದು ಎರಡು ಎಂದುಕೊಂಡು ಬಲಗಡೆಯದನ್ನು ಎಳೆದೆ. ಪೆಟ್ಟಿಗೆ ಚಾಲೂ ಇತ್ತು. ನಮ್ಮ ಪೆಟ್ಟಿಗೆಯಲ್ಲಿ ಎಣಿಕೆ ಬಲದಿಂದ ಶುರು! ಕೈಯಲ್ಲಿದ್ದದ್ದು ಗಟ್ಟಿಮುಟ್ಟಾದ ಡಿಸ್ಕ್, ಒಳಗೆ ಉಳಿದದ್ದು ರೋಗದ ಡಿಸ್ಕ್. ಗಾಬರಿಯಲ್ಲಿ ಮತ್ತೆ ಒಳಗೆ ತಳ್ಳಿದೆ. ಆಗ ಪರದೆಯ ಮೇಲೆ 'ರಿಪೇರ್' ಮಾಡಲೇ ಎಂದು ಕೇಳಿತು.

ಸರಿ ಎಂದು ಒತ್ತಿದ್ದರೆ ಏನಾಗುತ್ತಿತ್ತು ಗೊತ್ತೆ? ಎಳೆದು ಹಾಕಿದ ಡಿಸ್ಕನ್ನು ಪೆಟ್ಟಿಗೆ ಹಳೆಯ ಮಾಹಿತಿಯ ಡಿಸ್ಕ್ ಎಂದು ತಿಳಿಯುತ್ತದೆ. ಅದರ ಲೆಕ್ಕದಲ್ಲಿ ಒಳಗೇ ಉಳಿದದ್ದು ಮಾತ್ರ ನಂಬಿಕೆಯ ಡಿಸ್ಕ್. ಆದ್ದರಿಂದ ರೋಗದ ಡಿಸ್ಕಿನಿಂದ ಓದಿ ಗಟ್ಟಿ ಡಿಸ್ಕಿನ ಮೇಲೆ ಬರೆಯುತ್ತಿತ್ತು. ಅರ್ಧಕ್ಕೆ ರೋಗದ ಡಿಸ್ಕ್ ಪೂರ್ತಿ ಸತ್ತಿದ್ದರೆ ಎರಡೂ ಹೋಗುತ್ತಿದ್ದವು. ಬೆರಳು ಬಟನ್ ಮೇಲಿತ್ತು, ಒತ್ತಲಿಲ್ಲ. ಪೆಟ್ಟಿಗೆ ಬಂದ್ ಮಾಡಿ, ಗಟ್ಟಿ ಡಿಸ್ಕನ್ನು ಹೊರತೆಗೆದು, ಲಿನಕ್ಸ್ ಬಲ್ಲ ಗೆಳೆಯನೊಬ್ಬನ ಕಂಪ್ಯೂಟರಿಗೆ ಯುಎಸ್‌ಬಿ ಡಾಕ್ ಮೂಲಕ ಜೋಡಿಸಿ ಎಲ್ಲವನ್ನೂ ಕಾಪಿ ಮಾಡಿಕೊಳ್ಳಲು ಎರಡು ದಿನ ಹಿಡಿಯಿತು. ಈ ಲೇಖನ ಬರೆಯಲು ಕಾರಣ ಆ ಎರಡು ದಿನ.

ಎರಡು ಡಿಸ್ಕ್ ಇದ್ದರೂ ಅದು ಬ್ಯಾಕಪ್ ಅಲ್ಲ

ಹಲವು ಡಿಸ್ಕುಗಳನ್ನು ಒಂದಾಗಿ ದುಡಿಸುವ ಈ ಪದ್ಧತಿಗೆ ರೇಡ್ ಎನ್ನುತ್ತಾರೆ. 1988ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ್‍ಯಾಂಡಿ ಕಾಟ್ಜ್ ಪ್ರಕಟಿಸಿದ ಪ್ರಬಂಧದಿಂದ ಈ ಹೆಸರು ಬಂತು. ದೊಡ್ಡ ಬೆಲೆಯ ಒಂದು ಡಿಸ್ಕಿನ ಬದಲು ಅಗ್ಗದ ಹಲವು ಡಿಸ್ಕುಗಳನ್ನು ಸೇರಿಸಿ, ಒಂದು ಸತ್ತರೂ ಕೆಲಸ ನಿಲ್ಲದಂತೆ ಮಾಡುವುದು ಅವರ ಆಲೋಚನೆಯಾಗಿತ್ತು.

ಎರಡು ಡಿಸ್ಕಿನ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಇರುವುದು ರೇಡ್ 1, ಅಂದರೆ ಕನ್ನಡಿ. ಒಂದರಲ್ಲಿ ಬರೆದದ್ದು ಆ ಕ್ಷಣವೇ ಇನ್ನೊಂದರಲ್ಲೂ ಬರೆಯಲ್ಪಡುತ್ತದೆ. ನಾಲ್ಕು ಡಿಸ್ಕಿನ ಪೆಟ್ಟಿಗೆಯಲ್ಲಿ ಬಹುತೇಕ ರೇಡ್ 5 ಇರುತ್ತದೆ. ಅದರ ಲೆಕ್ಕ ಸುಲಭ. 12ಕ್ಕೆ 7 ಕೂಡಿದರೆ 19. ಮೂರು ಅಂಕಿಗಳನ್ನು ಮೂರು ಕಡೆ ಬರೆದಿಟ್ಟರೆ ಯಾವ ಒಂದು ಅಳಿಸಿಹೋದರೂ ಉಳಿದೆರಡರಿಂದ ಅದನ್ನು ಕಂಡುಹಿಡಿಯಬಹುದು. ಎರಡು ಅಳಿಸಿದರೆ ಮುಗಿಯಿತು. ಪೆಟ್ಟಿಗೆ ಮಾಡುವ ಗಣಿತ ಕೂಡುವುದಕ್ಕಿಂತ ಸ್ವಲ್ಪ ಬೇರೆ, ತತ್ವ ಮಾತ್ರ ಇದೇ.

ಇನ್ನು ಕೆಲವರು ಜಾಗ ಹೆಚ್ಚು ಸಿಗಲೆಂದು ರೇಡ್ 0 ಮಾಡಿಸಿರುತ್ತಾರೆ. ಅದರಲ್ಲಿ ಒಂದು ಡಿಸ್ಕ್ ಹೋದರೆ ಎಲ್ಲವೂ ಹೋದಂತೆ. ನಿಮ್ಮದು ಯಾವುದು ಎಂದು ಪೆಟ್ಟಿಗೆಯ ಸ್ಟೋರೇಜ್ ಪುಟದಲ್ಲಿ ಇವತ್ತೇ ನೋಡಿಕೊಳ್ಳಿ. ಬೀಪ್ ಬಂದ ಮೇಲೆ ನೋಡಿ ಪ್ರಯೋಜನವಿಲ್ಲ.

ಕನ್ನಡಿಗೆ ಒಂದು ಗುಣವಿದೆ. ಮುಖ ತೊಳೆದರೂ ತೋರಿಸುತ್ತದೆ, ಮಸಿ ಬಳಿದುಕೊಂಡರೂ ತೋರಿಸುತ್ತದೆ. ಮೊಮ್ಮಗ ಒಂದು ಫೋಲ್ಡರ್ ಅಳಿಸಿದರೆ ಎರಡೂ ಡಿಸ್ಕಿನಲ್ಲಿ ಅಳಿಸುತ್ತದೆ. ವೈರಸ್ ಬಂದರೆ ಎರಡಕ್ಕೂ ಬರುತ್ತದೆ. 2021ರ ಜೂನ್‌ನಲ್ಲಿ ವೆಸ್ಟರ್ನ್ ಡಿಜಿಟಲ್ ಕಂಪನಿಯ ಹಳೆಯ ಮೈ ಬುಕ್ ಲೈವ್ ಪೆಟ್ಟಿಗೆಗಳನ್ನು ಇಂಟರ್‌ನೆಟ್ ಮೂಲಕವೇ ಯಾರೋ ಖಾಲಿ ಮಾಡಿದರು. 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಎಂಬ ರ್‍ಯಾನ್ಸಮ್‌ವೇರ್ ಕ್ಯೂನ್ಯಾಪ್ ಪೆಟ್ಟಿಗೆಗಳೊಳಗೆ ನುಗ್ಗಿ ಫೈಲುಗಳಿಗೆ ಬೀಗ ಹಾಕಿ ಹಣ ಕೇಳಿತು. ಅಂಥ ಹೊತ್ತಿನಲ್ಲಿ ಒಳಗೆ ಎರಡು ಡಿಸ್ಕ್ ಇದ್ದರೂ ಒಂದೇ, ನಾಲ್ಕು ಇದ್ದರೂ ಒಂದೇ.

ಬೀಪ್ ಬಂತು, ಈಗ?

ಮೊದಲು ಬೀಪ್ ಸದ್ದನ್ನು ಪರದೆಯಿಂದ ನಿಲ್ಲಿಸಿ. ಅದು ತಲೆ ಕೆಡಿಸುತ್ತದೆ, ಕೆಟ್ಟ ತಲೆಯಲ್ಲಿ ಕೆಟ್ಟ ಕೆಲಸವೇ ಆಗುತ್ತದೆ. ಆಮೇಲೆ ಪರದೆಯ ಮೇಲಿನ ಮಾತನ್ನು ಓದಿ. 'ಡಿಗ್ರೇಡೆಡ್' ಎಂದಿದ್ದರೆ ಒಂದು ಡಿಸ್ಕ್ ಗುಂಪಿನಿಂದ ಹೊರಬಿದ್ದಿದೆ, ಮಾಹಿತಿ ಇನ್ನೂ ಇದೆ ಎಂದರ್ಥ. 'ಕ್ರ್ಯಾಶ್ಡ್' ಎಂದಿದ್ದರೆ ಏನನ್ನೂ ಒತ್ತದೆ ಬಂದ್ ಮಾಡಿ ಬಲ್ಲವರನ್ನು ಕೇಳಿ. 'ವಾರ್ನಿಂಗ್' ಎಂದಿದ್ದರೆ ಡಿಸ್ಕ್ ಇನ್ನೂ ಕೆಲಸ ಮಾಡುತ್ತಿದೆ, ಆದರೆ ಆರೋಗ್ಯ ಸರಿಯಿಲ್ಲ.

ಡಿಸ್ಕಿನ ಆರೋಗ್ಯದ ಲೆಕ್ಕಪುಸ್ತಕಕ್ಕೆ ಸ್ಮಾರ್ಟ್ ಎಂದು ಹೆಸರು. ಅದರಲ್ಲಿ ಹತ್ತಾರು ಸಾಲುಗಳಿದ್ದರೂ ನಮಗೆ ಬೇಕಾದವು ಮೂರೇ. ಐದನೇ ನಂಬರಿನ ಸಾಲು ಕೆಟ್ಟು ಬದಲಾದ ಜಾಗಗಳ ಎಣಿಕೆ, 197 ಓದಲು ಕಷ್ಟವಾಗಿ ಕಾಯುತ್ತಿರುವ ಜಾಗಗಳು, 198 ಓದಲಾಗದೇ ಹೋದವು. ಇವು ಸೊನ್ನೆ ಇದ್ದರೆ ಒಳ್ಳೆಯದು. ವಾರದಿಂದ ವಾರಕ್ಕೆ ಏರುತ್ತಿದ್ದರೆ ಆ ಡಿಸ್ಕಿನ ಆಯುಷ್ಯ ಮುಗಿಯುತ್ತಾ ಬಂದಿದೆ. 199ನೇ ಸಾಲು ಮಾತ್ರ ಏರುತ್ತಿದ್ದರೆ ತಪ್ಪು ಡಿಸ್ಕಿನದಾಗಿರದೆ ಅದು ಕೂತಿರುವ ಕನೆಕ್ಟರಿನದೋ ಕೇಬಲ್ಲಿನದೋ ಇರಬಹುದು. ಸಾವಿರಾರು ರೂಪಾಯಿಯ ಹೊಸ ಡಿಸ್ಕ್ ಕೊಳ್ಳುವ ಮುನ್ನ ಇದನ್ನು ನೋಡುವುದು ಒಳ್ಳೆಯದು.

ಸ್ಮಾರ್ಟ್ ಸರಿಯಿದೆ ಎಂದ ಮಾತ್ರಕ್ಕೆ ಡಿಸ್ಕ್ ಗಟ್ಟಿ ಎಂದೂ ಹೇಳಲಾಗದು. ಗೂಗಲ್ ಕಂಪನಿಯವರು ತಮ್ಮ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಗಮನಿಸಿ 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮೇಲ್ಮೈ ತಪಾಸಣೆಯಲ್ಲಿ ಮೊದಲ ದೋಷ ಕಂಡ ಡಿಸ್ಕ್ 60 ದಿನಗಳೊಳಗೆ ಸಾಯುವ ಸಾಧ್ಯತೆ ದೋಷವಿಲ್ಲದ್ದಕ್ಕಿಂತ 39 ಪಟ್ಟು ಹೆಚ್ಚು ಎಂದು ಅದರಲ್ಲಿ ಕಂಡಿತು. ಅದೇ ಅಧ್ಯಯನದಲ್ಲಿ, ಸತ್ತ ಡಿಸ್ಕುಗಳ ಪೈಕಿ ಅರ್ಧಕ್ಕಿಂತ ಹೆಚ್ಚು ಡಿಸ್ಕುಗಳು ಮುಖ್ಯವಾದ ನಾಲ್ಕು ಸೂಚನೆಗಳಲ್ಲಿ ಒಂದನ್ನೂ ಕೊಡದೆ ಸತ್ತಿದ್ದವು. ಸೂಚನೆ ಬಂದರೆ ನಂಬಿ, ಬರಲಿಲ್ಲವೆಂದು ನಿಶ್ಚಿಂತೆಯಿಂದ ಕೂರಬೇಡಿ.

ಮೊದಲು ಕಾಪಿ, ಆಮೇಲೆ ಸ್ಕ್ರೂಡ್ರೈವರ್

ಎಲ್ಲಕ್ಕಿಂತ ಮುಖ್ಯವಾದ ಮಾತು ಇದು. ಹೊಸ ಡಿಸ್ಕ್ ಹಾಕುವ ಮುನ್ನ ಬೇಕಾದ ಮಾಹಿತಿಯನ್ನು ಹೊರಗಿನ ಒಂದು ಯುಎಸ್‌ಬಿ ಡಿಸ್ಕಿಗೆ ಕಾಪಿ ಮಾಡಿ. ಬಹಳ ಜನ ಇದನ್ನು ಬಿಡುತ್ತಾರೆ. ಅಂಗಡಿಯವರೂ "ಹೊಸದು ಹಾಕಿ ಸಾರ್, ತಾನೇ ಸರಿಹೋಗುತ್ತೆ" ಎನ್ನುತ್ತಾರೆ. ಹತ್ತರಲ್ಲಿ ಒಂಬತ್ತು ಸಲ ಸರಿಹೋಗಲೂಬಹುದು, ನಮ್ಮದು ಹತ್ತನೆಯದಾದರೆ?

ಕಾರಣ ಕೇಳಿ. ಹೊಸ ಡಿಸ್ಕ್ ಹಾಕಿದಾಗ ಪೆಟ್ಟಿಗೆ ಉಳಿದ ಡಿಸ್ಕುಗಳನ್ನು ಮೊದಲಿನಿಂದ ಕೊನೆಯವರೆಗೂ ಓದಿ ಹೊಸದನ್ನು ತುಂಬಿಸುತ್ತದೆ. ಇದನ್ನು ರೀಬಿಲ್ಡ್ ಎನ್ನುತ್ತಾರೆ. ಉಳಿದ ಡಿಸ್ಕ್ ಎಂಥದ್ದು? ಕೆಟ್ಟದ್ದರ ಜೊತೆಗೇ, ಒಂದೇ ದಿನ, ಒಂದೇ ಅಂಗಡಿಯಲ್ಲಿ ಕೊಂಡದ್ದು. ಅಷ್ಟೇ ವರ್ಷ ಓಡಿದ್ದು, ನಮ್ಮ ಕಡೆಯ 40 ಡಿಗ್ರಿ ದಾಟುವ ಬೇಸಿಗೆಗಳನ್ನು ಅಷ್ಟೇ ಉಂಡದ್ದು. ವರ್ಷಗಳಿಂದ ಯಾರೂ ಮುಟ್ಟದ ಹಳೆಯ ಫೋಟೊಗಳ ಜಾಗವನ್ನೂ ಅದು ಈಗ ಒಂದೇ ಉಸಿರಿಗೆ ಓದಬೇಕು. ಮುದುಕಪ್ಪನ ತಲೆಮೇಲೆ ಹೆಚ್ಚಿನ ಮೂಟೆ ಹೊರಿಸಿದ ಹಾಗೆ. ರೇಡ್ 5 ಆದರೆ ಮೂರೂ ಡಿಸ್ಕು ತಪ್ಪಿಲ್ಲದೆ ಓದಬೇಕು. ಮನೆಬಳಕೆಯ ಎಷ್ಟೋ ಡಿಸ್ಕುಗಳ ವಿವರಪಟ್ಟಿಯಲ್ಲಿ ಸುಮಾರು 12.5 ಟಿಬಿ ಓದುವಾಗ ಒಂದು ತಪ್ಪು ಬರಬಹುದು ಎಂಬ ಲೆಕ್ಕ ಕೊಟ್ಟಿರುತ್ತಾರೆ. ವಾಸ್ತವದಲ್ಲಿ ಡಿಸ್ಕುಗಳು ಅದಕ್ಕಿಂತ ಚೆನ್ನಾಗಿಯೇ ಓದುತ್ತವೆ. ಆದರೂ ತಾಯಿಯ ಹಳೆಯ ಫೋಟೊ ಇರುವ ಜಾಗದಲ್ಲೇ ಆ ತಪ್ಪು ಬಂದರೆ ಏನು ಮಾಡುವುದು?

ಎಲ್ಲವನ್ನೂ ಕಾಪಿ ಮಾಡಲು ಜಾಗವಿಲ್ಲದಿದ್ದರೆ ಮತ್ತೆ ಸಿಗದಂಥವನ್ನು ಮೊದಲು ಮಾಡಿ. ಡೌನ್‌ಲೋಡ್ ಮಾಡಿದ ಸಿನಿಮಾ ಹೋದರೆ ಹೋಗಲಿ. ಫೋಟೊ, ಕಾಗದಪತ್ರ, ಡಿಸೈನ್ ಮೊದಲು. ನಮ್ಮ ಗಡಿ ಭಾಗದಲ್ಲಿ ಇನ್ನೊಂದು ತಮಾಷೆಯಿದೆ. ಅತ್ತೆ 'ಮದುವೆ' ಎಂದು ಫೋಲ್ಡರ್ ಮಾಡಿದ್ದರೆ ಸೊಸೆ 'ಪೆಳ್ಳಿ' ಎಂದು ಮಾಡಿರುತ್ತಾಳೆ, ಎರಡರಲ್ಲೂ ಅವೇ ಫೋಟೊಗಳು! ಒಂದೇ ಇದ್ದರೂ ಎರಡನ್ನೂ ಕಾಪಿ ಮಾಡಿ, ಯಾವುದರಲ್ಲಿ ಏನು ಹೆಚ್ಚಿದೆಯೋ ಆಮೇಲೆ ನೋಡಿದರಾಯಿತು. ಕಾಪಿ ಮುಗಿದ ಮೇಲೆ ಆ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಹಾಕಿ ನಾಲ್ಕು ಫೋಟೊ, ಒಂದು ವಿಡಿಯೊ, ಒಂದು ಪಿಡಿಎಫ್ ತೆರೆದು ನೋಡಿ. ತೆರೆದರೆ ಮಾತ್ರ ಅದು ಕಾಪಿ. ಪೆಟ್ಟಿಗೆಯ ಸೆಟ್ಟಿಂಗ್ಸ್ ಉಳಿಸಿಕೊಳ್ಳುವ ಸೌಲಭ್ಯವಿದ್ದರೆ ಅದನ್ನೂ ಇದೇ ಡಿಸ್ಕಿಗೆ ಹಾಕಿಕೊಳ್ಳಿ.

ಒಂದು ಎಚ್ಚರಿಕೆ. ಡಿಸ್ಕ್ ಟಕ್ ಟಕ್ ಎಂದು ಸದ್ದು ಮಾಡುತ್ತಿದ್ದರೆ ಅದನ್ನು ಓಡಿಸುತ್ತಲೇ ಇರಬೇಡಿ. ಡಿಸ್ಕನ್ನು ಫ್ರಿಜ್‌ನಲ್ಲಿಟ್ಟರೆ ಬದುಕುತ್ತದೆ ಎಂಬ ಮಾತನ್ನು ಯಾರೋ ಹೇಳುತ್ತಾರೆ, ಒಳಗೆ ತೇವ ಕಟ್ಟಿ ಇನ್ನಷ್ಟು ಹಾಳಾಗುವುದೇ ಹೆಚ್ಚು.

ಯಾವ ಡಿಸ್ಕ್ ಕೊಳ್ಳಬೇಕು?

ಹಳೆಯದರಷ್ಟೇ ಅಥವಾ ಅದಕ್ಕಿಂತ ದೊಡ್ಡದು. ಚಿಕ್ಕದನ್ನು ಪೆಟ್ಟಿಗೆ ಒಪ್ಪುವುದಿಲ್ಲ. ಒಂದನ್ನು 8 ಟಿಬಿ ಹಾಕಿದರೆ ಕೂಡಲೇ ಜಾಗ ಹೆಚ್ಚುವುದಿಲ್ಲ, ಎರಡನೆಯದೂ ಬದಲಾಗುವ ತನಕ ಕನ್ನಡಿ ಚಿಕ್ಕದರ ಅಳತೆಯಲ್ಲೇ ಇರುತ್ತದೆ.

ಡಿಸ್ಕಿನಲ್ಲಿ ಬರೆಯುವ ರೀತಿ ಎರಡು. ಸಿಎಂಆರ್ ಎಂಬುದರಲ್ಲಿ ಸಾಲುಗಳು ಪಕ್ಕಪಕ್ಕದಲ್ಲಿ ಇರುತ್ತವೆ. ಎಸ್‌ಎಂಆರ್ ಎಂಬುದರಲ್ಲಿ ಹಂಚಿನ ಮನೆಯ ಸೂರಿನ ಹಾಗೆ ಒಂದರ ಮೇಲೊಂದು ಸ್ವಲ್ಪ ಹೊದ್ದುಕೊಂಡಿರುತ್ತವೆ. ನಡುವಿನ ಒಂದು ಹಂಚು ಬದಲಿಸಲು ಮೇಲಿನವನ್ನೂ ಸರಿಸಬೇಕಲ್ಲ, ಹಾಗೆಯೇ ಇಲ್ಲಿಯೂ. ರೀಬಿಲ್ಡ್ ಸಮಯದಲ್ಲಿ ಇಂಥ ಡಿಸ್ಕ್ ವಿಪರೀತ ನಿಧಾನವಾಗಿ, ಕೆಲವೊಮ್ಮೆ ಪೆಟ್ಟಿಗೆಯೇ ಇದು ಕೆಟ್ಟಿದೆ ಎಂದು ಹೊರಗೆ ಹಾಕಿಬಿಡುತ್ತದೆ. ವೆಸ್ಟರ್ನ್ ಡಿಜಿಟಲ್ ತನ್ನ ರೆಡ್ ಸರಣಿಯ 2ರಿಂದ 6 ಟಿಬಿ ಡಿಸ್ಕುಗಳಲ್ಲಿ ಎಸ್‌ಎಂಆರ್ ಬಳಸಿದ್ದು 2020ರ ಏಪ್ರಿಲ್‌ನಲ್ಲಿ ಬೆಳಕಿಗೆ ಬಂದು ದೊಡ್ಡ ಗಲಾಟೆಯೇ ಆಯಿತು. ಬಳಿಕ ಸಿಎಂಆರ್ ಡಿಸ್ಕುಗಳಿಗೆ ರೆಡ್ ಪ್ಲಸ್ ಎಂದು ಬೇರೆ ಹೆಸರು ಕೊಟ್ಟರು. ಕೊಳ್ಳುವಾಗ ರೆಡ್ ಪ್ಲಸ್, ಸೀಗೇಟ್ ಐರನ್‌ವುಲ್ಫ್, ತೊಷಿಬಾ ಎನ್300 ಇಂಥವುಗಳನ್ನು ಕೇಳಿ. ಸಿಸಿಟಿವಿಗೆಂದು ಮಾಡಿದ್ದನ್ನೋ ಸಾದಾ ಕಂಪ್ಯೂಟರಿನದನ್ನೋ ಕೊಟ್ಟು "ಎಲ್ಲಾ ಒಂದೇ" ಎಂದರೆ ಬೇಡವೆನ್ನಿ.

ನಿಮ್ಮ ಪೆಟ್ಟಿಗೆ ಯಾವ ಡಿಸ್ಕ್ ಒಪ್ಪುತ್ತದೆ ಎಂಬ ಪಟ್ಟಿ ಕಂಪನಿಯ ತಾಣದಲ್ಲಿ ಇರುತ್ತದೆ. ಸಿನಾಲಜಿ 2025ರ ಪ್ಲಸ್ ಮಾದರಿಗಳಿಗೆ ತಾನು ಒಪ್ಪಿದ ಡಿಸ್ಕುಗಳೇ ಬೇಕು ಎಂದು ಪಟ್ಟು ಹಿಡಿದು, ಗ್ರಾಹಕರ ಸಿಟ್ಟಿನ ನಂತರ ಅದೇ ವರ್ಷದ ಅಕ್ಟೋಬರ್‌ನಲ್ಲಿ ಸಡಿಲಿಸಿತು.

ಮಕ್ತಲ್‌ನವರು ಹೆದ್ದಾರಿ ಹಿಡಿದು ಕೃಷ್ಣೆ ದಾಟಿದರೆ ರಾಯಚೂರು, ಗದ್ವಾಲದವರಿಗೆ ರೈಲೂ ಇದೆ, ಅಂಗಡಿಯಲ್ಲಿ ನೋಡಿ ತರಬಹುದು. ಬಸ್ಸಿನಲ್ಲಿ ತರುವಾಗ ಡಿಸ್ಕನ್ನು ತೊಡೆಯ ಮೇಲೆ ಇಟ್ಟುಕೊಳ್ಳಿ, ಸೀಟಿನ ಕೆಳಗೆ ಬೇಡ. ಆನ್‌ಲೈನ್‌ನಲ್ಲಿ ತರಿಸಿದರೆ ಬರೀ ಕವರಿನಲ್ಲಿ ಸುತ್ತಿ ಬಂದದ್ದನ್ನು ವಾಪಸ್ ಮಾಡಿ. ಸೀರಿಯಲ್ ನಂಬರನ್ನು ಕಂಪನಿಯ ತಾಣದಲ್ಲಿ ಹಾಕಿ ವಾರಂಟಿ ನೋಡಿ, ಹೊರದೇಶದಿಂದ ಬಂದ ಮಾಲಿಗೆ ಇಲ್ಲಿ ವಾರಂಟಿ ಸಿಗದೆ ಇರಬಹುದು. 2025ರ ಆರಂಭದಲ್ಲಿ ಯೂರೋಪಿನಲ್ಲಿ ಸಾವಿರಾರು ಗಂಟೆ ಓಡಿದ ಸೀಗೇಟ್ ಡಿಸ್ಕುಗಳು ಹೊಸದೆಂದು ಮಾರಾಟವಾದದ್ದು ಬಯಲಾಯಿತು. ಹೊಸ ಡಿಸ್ಕ್ ಎಷ್ಟು ಗಂಟೆ ಓಡಿದೆ ಎಂದು ಸ್ಮಾರ್ಟ್‌ನ ಒಂಬತ್ತನೇ ಸಾಲು ಹೇಳುತ್ತದೆ. ಆ ಯೂರೋಪಿನ ಮೋಸದಲ್ಲಿ ಈ ಲೆಕ್ಕವನ್ನೇ ಸೊನ್ನೆ ಮಾಡಿದ್ದರು, ಆದ್ದರಿಂದ ಬಿಲ್ ಕೊಡುವ ಅಂಗಡಿಯಲ್ಲಿ ಕೊಳ್ಳುವುದೇ ಮೇಲು.

ಬದಲಿಸುವ ದಿನ

ಪೆಟ್ಟಿಗೆಯ ಪರದೆಯಲ್ಲಿ ಕೆಟ್ಟ ಡಿಸ್ಕಿನ ಸೀರಿಯಲ್ ನಂಬರನ್ನು ಕಾಗದದ ಮೇಲೆ ಬರೆದುಕೊಳ್ಳಿ. ಒಂದು, ಎರಡು ಎಂಬ ಸ್ಥಾನದ ಎಣಿಕೆಯನ್ನು ನಂಬಬೇಡಿ, ನಾನು ನಂಬಿ ಕೆಟ್ಟದ್ದು ಮೇಲೆಯೇ ಹೇಳಿದೆನಲ್ಲ. ಸೀರಿಯಲ್ ನಂಬರ್ ಡಿಸ್ಕಿನ ಮೈಮೇಲಿನ ಚೀಟಿಯಲ್ಲಿ ಅಚ್ಚಾಗಿರುತ್ತದೆ.

ಚಾಲೂ ಇದ್ದಾಗಲೇ ಡಿಸ್ಕ್ ಎಳೆಯಬಹುದಾದ ಪೆಟ್ಟಿಗೆಗಳಿವೆ. ನಿಮ್ಮದು ಅಂಥದ್ದು ಎಂದು ಪುಸ್ತಕದಲ್ಲಿ ಬರೆದಿದ್ದರೂ, ಮೊದಲ ಸಲ ಮಾಡುವವರು ಬಂದ್ ಮಾಡಿಯೇ ತೆಗೆಯುವುದು ಕ್ಷೇಮ ಎಂಬುದು ನನ್ನ ಅಭಿಪ್ರಾಯ. ಬಂದ್ ಇದ್ದಾಗ ತಪ್ಪು ಡಿಸ್ಕ್ ಎಳೆದು, ಚೀಟಿ ಓದಿ, ವಾಪಸ್ ಅದೇ ಜಾಗಕ್ಕೆ ಇಟ್ಟರೆ ಪೆಟ್ಟಿಗೆಗೆ ಗೊತ್ತೂ ಆಗುವುದಿಲ್ಲ. ಚಾಲೂ ಇದ್ದಾಗ ಎಳೆದರೆ ಏನಾಗುತ್ತದೆ ಎಂದು ನೋಡಿದಿರಿ. ಡಿಸ್ಕ್ ಇನ್ನೂ ಬದುಕಿದ್ದು 'ಡಿಆಕ್ಟಿವೇಟ್' ಎಂಬ ಆಯ್ಕೆ ಇದ್ದರೆ ಮೊದಲು ಅದನ್ನು ಒತ್ತಿ, ಬಳಿಕ ಬಂದ್ ಮಾಡಿ. ನಾಲ್ಕು ಖಾನೆಯ ಪೆಟ್ಟಿಗೆಯಲ್ಲಿ ಒಂದು ಖಾನೆ ಖಾಲಿ ಇದ್ದರೆ ಇನ್ನೂ ಒಳ್ಳೆಯದು. ಹೊಸದನ್ನು ಅಲ್ಲಿ ಹಾಕಿ 'ರಿಪ್ಲೇಸ್' ಎಂದರೆ ಹಳೆಯದು ಒಳಗಿರುವಾಗಲೇ ಬದಲಿ ನಡೆಯುತ್ತದೆ. ಎಲ್ಲ ಮಾದರಿಗಳಲ್ಲಿ ಈ ಸೌಲಭ್ಯ ಇರುವುದಿಲ್ಲ.

ಬಂದ್ ಆದ ಮೇಲೆ ಪ್ಲಗ್ ತೆಗೆದು ಅರ್ಧ ನಿಮಿಷ ಬಿಡಿ, ಒಳಗಿನ ತಟ್ಟೆ ತಿರುಗುವುದು ನಿಲ್ಲಲಿ. ಕಬ್ಬಿಣದ ಕಿಟಕಿ ಸರಳನ್ನು ಒಮ್ಮೆ ಮುಟ್ಟಿ, ಮೈಯಲ್ಲಿನ ಸ್ಥಿರ ವಿದ್ಯುತ್ ಹೋಗಲಿ. ಸ್ಕ್ರೂಗಳನ್ನು ಜೋರಾಗಿ ಬಿಗಿಯಬೇಡಿ. ಮುಚ್ಚಳ ತೆಗೆದಿದ್ದೀರಲ್ಲ, ಒಳಗಿನ ಫ್ಯಾನಿನ ಧೂಳನ್ನು ಮೃದುವಾದ ಬ್ರಷ್‌ನಿಂದ ಒರೆಸಿ. ಡಿಸ್ಕ್ ಬೇಗ ಸಾಯಲು ಆ ಧೂಳೂ ಪಾಲುದಾರನೇ.

ಹೊಸದನ್ನು ಹಾಕಿ ಚಾಲೂ ಮಾಡಿದಾಗ ಎರಡು ದಾರಿ ಕಾಣುತ್ತವೆ. 'ರಿಪೇರ್' ಅಥವಾ 'ರೀಬಿಲ್ಡ್' ಎಂಬುದು ಸರಿಯಾದ ದಾರಿ. 'ಇನಿಶಿಯಲೈಜ್', 'ಕ್ರಿಯೇಟ್ ನ್ಯೂ', 'ಫ್ಯಾಕ್ಟರಿ ರೀಸೆಟ್' ಎಂಬುವನ್ನು ಒತ್ತಲೇಬಾರದು. ಈ ಡಿಸ್ಕಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ ಎಂಬ ಎಚ್ಚರಿಕೆ ರಿಪೇರ್‌ನಲ್ಲೂ ಬರುತ್ತದೆ. ಅದರಲ್ಲಿ ಹೆಸರಿಸಿರುವ ಡಿಸ್ಕ್ ಹೊಸದೇ ಎಂದು ಸೀರಿಯಲ್ ನಂಬರ್ ನೋಡಿ ಸರಿ ಎನ್ನಿ.

ರೀಬಿಲ್ಡ್ ಎಷ್ಟು ಹೊತ್ತು? 4 ಟಿಬಿ ಡಿಸ್ಕಿಗೆ ಸೆಕೆಂಡಿಗೆ 150 ಎಂಬಿ ವೇಗ ಸಿಕ್ಕರೂ ಏಳೂವರೆ ಗಂಟೆ ಬೇಕು. ಅದೇ ಹೊತ್ತಿನಲ್ಲಿ ಮನೆಯವರು ಟಿವಿಯಲ್ಲಿ ಅದರಿಂದ ಸಿನಿಮಾ ನೋಡುತ್ತಿದ್ದರೆ ಮರುದಿನಕ್ಕೆ ಹೋಗುತ್ತದೆ. ಅಲ್ಲಿಯವರೆಗೆ ಕರೆಂಟ್ ಹೋಗಬಾರದು. ಹೋದರೆ ಬಹುತೇಕ ಪೆಟ್ಟಿಗೆಗಳು ಮತ್ತೆ ಮುಂದುವರಿಸುತ್ತವೆ ನಿಜ, ಆದರೆ ಬರೆಯುತ್ತಿದ್ದ ಫೈಲ್ ಕೆಡಬಹುದು, ರೋಗದ ಡಿಸ್ಕ್ ಮತ್ತೆ ತಿರುಗದೇ ಇರಬಹುದು. ಇನ್ವರ್ಟರ್ ಇದ್ದವರು ಅದರ ಹಿಂದಿನ ಸ್ವಿಚ್ಚನ್ನು ಯುಪಿಎಸ್ ಮೋಡ್‌ನಲ್ಲಿ ಇಡಿ. ಸಾದಾ ಮೋಡ್‌ನಲ್ಲಿ ಬದಲಾಗುವ ಆ ಕ್ಷಣದಲ್ಲೇ ಪೆಟ್ಟಿಗೆ ಆರಿಹೋಗಬಹುದು. ಯುಎಸ್‌ಬಿ ವೈರ್ ಇರುವ ಸಣ್ಣ ಯುಪಿಎಸ್ ಆದರೆ ಬ್ಯಾಟರಿ ಮುಗಿಯುವ ಮೊದಲು ಪೆಟ್ಟಿಗೆಯನ್ನು ತಾನೇ ಕ್ರಮವಾಗಿ ಬಂದ್ ಮಾಡಿಸುತ್ತದೆ. ಮುಂಗಾರಿನ ಗುಡುಗು ಸಿಡಿಲಿನ ಸಂಜೆ ಈ ಕೆಲಸ ಶುರು ಮಾಡಬೇಡಿ.

ನಡುವೆ ಎರಡನೇ ಡಿಸ್ಕೂ ಕೈಕೊಟ್ಟರೆ ಅಲ್ಲಿಗೇ ನಿಲ್ಲಿಸಿ. ಮೊದಲು ತೆಗೆದ ಹಳೆಯ ಡಿಸ್ಕನ್ನು ಅಳಿಸದೆ ಬಟ್ಟೆಯಲ್ಲಿ ಸುತ್ತಿ ಇಟ್ಟಿರಬೇಕು ಎನ್ನುವುದು ಇದಕ್ಕೇ. ಅದರಿಂದಲೂ ಒಂದಿಷ್ಟು ಹೊರತೆಗೆಯಲು ಸಾಧ್ಯವಾಗುತ್ತದೆ. ಎಲ್ಲ ಸುಸೂತ್ರವಾಗಿ ಮುಗಿದು 'ಹೆಲ್ದಿ' ಎಂದು ಬಂದ ಮೇಲೂ ಒಂದು ತಿಂಗಳು ಇಟ್ಟುಕೊಳ್ಳಿ.

ಬಳಿಕ ಹೊಸ ಡಿಸ್ಕಿಗೆ ಒಂದು ಪೂರ್ಣ ಸ್ಮಾರ್ಟ್ ಪರೀಕ್ಷೆ ಓಡಿಸಿ. ಕೆಟ್ಟ ಡಿಸ್ಕಿನ ಜೋಡಿಗೂ ವಯಸ್ಸಾಗಿರುವುದರಿಂದ ಕೆಲವು ತಿಂಗಳಲ್ಲಿ ಅದನ್ನೂ ಬದಲಿಸುವ ಯೋಚನೆ ಇಟ್ಟುಕೊಳ್ಳಿ. ಒಟ್ಟಿಗೆ ಎರಡನ್ನೂ ಅಲ್ಲ, ಒಂದು ಮುಗಿದ ಮೇಲೆ ಇನ್ನೊಂದು. ಪೆಟ್ಟಿಗೆ ಮಗನ ಇಮೇಲಿಗೆ ತಾನೇ ದೂರು ಕಳುಹಿಸುವಂತೆ ಮಾಡಿಡಿ, ಬೀಪ್ ಸದ್ದು ಹೈದರಾಬಾದಿಗೆ ಕೇಳಿಸುವುದಿಲ್ಲ.

ಹಳೆಯ ಡಿಸ್ಕನ್ನು ಗುಜರಿಯವರಿಗೆ ತೂಕಕ್ಕೆ ಹಾಕಬೇಡಿ. ಅದರಲ್ಲಿ ಆಧಾರ್, ಪಾಸ್‌ಬುಕ್, ಹೊಲದ ಕಾಗದಗಳ ಪ್ರತಿಯಿದೆ. ಓಡುತ್ತಿದ್ದರೆ ಪೂರ್ತಿ ಅಳಿಸಿ, ಓಡದಿದ್ದರೆ ಡ್ರಿಲ್ ಮೆಷಿನ್‌ನಿಂದ ತಟ್ಟೆಗೆ ಎರಡು ಮೂರು ತೂತು ಹೊಡೆಸಿ. ಕೆಲವು ಡಿಸ್ಕಿನ ತಟ್ಟೆ ಗಾಜಿನದಾಗಿರುತ್ತದೆ, ಮೇಲೆ ದಪ್ಪ ಬಟ್ಟೆ ಹಾಕಿ, ಕಣ್ಣಿಗೆ ಕನ್ನಡಕ ಇರಲಿ. ವಾರಂಟಿ ಇದ್ದರೆ ತೂತು ಹೊಡೆಯುವ ಹಾಗಿಲ್ಲ, ವಾಪಸ್ ಕಳುಹಿಸುವುದೋ ಬಿಡುವುದೋ ನೀವೇ ತೂಗಿ ನೋಡಿ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮದಂತೆ ಇಂಥ ಸಾಮಾನು ನೋಂದಾಯಿತ ಮರುಬಳಕೆದಾರರ ಕೈಗೇ ಹೋಗಬೇಕು.

ಇನ್ನು ಆ ಯುಎಸ್‌ಬಿ ಡಿಸ್ಕ್, ಮೊದಲ ದಿನ ಕಾಪಿ ಮಾಡಿದ್ದು. ಅದನ್ನು ಪೆಟ್ಟಿಗೆಯ ಮೇಲೆಯೇ ಇಡಬೇಡಿ. ಮಕ್ತಲ್‌ನ ತಂಗಿಯ ಮನೆಯ ಬೀರುವಿನಲ್ಲೋ ಗದ್ವಾಲದ ಮಾವನ ಮನೆಯಲ್ಲೋ ಇರಲಿ. ಯುಗಾದಿಗೆ ಒಮ್ಮೆ, ದಸರೆಗೆ ಒಮ್ಮೆ ತಂದು ಹೊಸದನ್ನು ಸೇರಿಸಿ, ತೆರೆದು ನೋಡಿ, ಮತ್ತೆ ಅಲ್ಲಿಗೇ ಕಳುಹಿಸಿ.